ದುಡಿಯುವವರ ಊರಿನಲ್ಲಿ ಎರಡು ದಿನ

ದಸರಾ ರಜೆಗೋ ಡಿಸೆಂಬರ್ ಕೊನೆಗೋ ಎರಡು ದಿನ ಎಲ್ಲಾದರೂ ಹೋಗಿಬರೋಣ ಎಂದು ಮನೆಯಲ್ಲಿ ಮಾತೆದ್ದರೆ ಮೊದಲು ಬಾಯಿಗೆ ಬರುವ ಹೆಸರುಗಳು ಮಡಿಕೇರಿ, ಊಟಿ, ಗೋವಾ. ಆಮೇಲೆ ಯಾರೋ ಮೊಬೈಲ್ ತೆಗೆದು ಕೋಣೆಯ ಬಾಡಿಗೆ ನೋಡುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಪ್ರವಾಸಿಗರನ್ನೇ ನಂಬಿ ಬದುಕುವ ಊರುಗಳಲ್ಲಿ ರಜೆ ಬಂದರೆ ಬಾಡಿಗೆ ಏರುತ್ತದೆ, ಚಹಾದ ಲೋಟಕ್ಕೂ ಬೇರೆಯೇ ದರ ಹುಟ್ಟುತ್ತದೆ. ಮಕ್ಕಳು ಮರಿ, ಅಜ್ಜ ಅಜ್ಜಿಯನ್ನು ಕಟ್ಟಿಕೊಂಡು ಹೊರಡುವವರು ಹುಡುಕಬೇಕಾದದ್ದು ಇನ್ನೊಂದು ಬಗೆಯ ಊರನ್ನು. ತನ್ನ ಜನಕ್ಕಾಗಿಯೇ ಅಡುಗೆ ಮಾಡುವ, ತನ್ನ ಜನಕ್ಕಾಗಿಯೇ ಬಸ್ಸು ಓಡಿಸುವ ಊರನ್ನು.

ನಮ್ಮ ಗಡಿಗೆ ಅಂಟಿಕೊಂಡಿರುವ ಸೊಲ್ಲಾಪುರ ಅಂಥದ್ದು. 1860ರಲ್ಲಿ ಇಲ್ಲಿಗೆ ರೈಲು ಬಂತು. 1870ರ ದಶಕದಲ್ಲಿ ಹತ್ತಿ ಗಿರಣಿ ಬಂತು. ಗಿರಣಿಯ ಹಿಂದೆ ಕೂಲಿಕಾರರು ಬಂದರು, ತೆಲಂಗಾಣದ ಕಡೆಯಿಂದ ಪದ್ಮಶಾಲಿ ನೇಕಾರರು ಬಂದರು. ಪಾಳಿ ಮುಗಿಸಿ ಬಂದವರಿಗೆ ಬಿಸಿ ರೊಟ್ಟಿ ಕೊಡಲು ಖಾನಾವಳಿಗಳು ಬೇಕಾದವು. ಸಿದ್ಧೇಶ್ವರನ ಜಾತ್ರೆಗೆ, ಅಕ್ಕಲಕೋಟದ ಸ್ವಾಮಿ ಸಮರ್ಥರ ದರ್ಶನಕ್ಕೆ, ಪಂಢರಪುರ ತುಳಜಾಪುರಗಳಿಗೆ ಹೋಗುವ ಯಾತ್ರಿಕರಿಗೆ ತಂಗಲು ಜಾಗ ಬೇಕಾಯಿತು. ಹೀಗೆ ಊಟ, ವಸತಿ ಎರಡೂ ಕೂಲಿಯವನ ಮತ್ತು ಯಾತ್ರಿಕನ ಜೇಬಿಗೆ ಹೊಂದಿಕೊಂಡೇ ಬೆಳೆದವು. ದೊಡ್ಡ ಗಿರಣಿಗಳ ಭೋಂಗಾ ಎಂದೋ ನಿಂತುಹೋಗಿದ್ದರೂ ಆ ಲೆಕ್ಕ ಇನ್ನೂ ಅಳಿದಿಲ್ಲ. ಸೊಲ್ಲಾಪುರ ಅಗ್ಗವಾಗಿರುವುದು ಈ ಕಾರಣಕ್ಕೆ.

ಕನ್ನಡಿಗರಿಗೆ ಇನ್ನೊಂದು ಅನುಕೂಲವಿದೆ. ಇದು ಪರ ಊರು ಅನ್ನಿಸುವುದಿಲ್ಲ. 12ನೇ ಶತಮಾನದ ವಚನಕಾರ ಸಿದ್ಧರಾಮನ ಸೊನ್ನಲಿಗೆ ಇದೇ. ದ.ರಾ. ಬೇಂದ್ರೆ 1944ರಿಂದ 1956ರವರೆಗೆ ಇಲ್ಲಿನ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. 1950ರ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇಲ್ಲಿ. ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆ, 1974ರಲ್ಲಿ ಮಂಡ್ಯದಲ್ಲಿ ಆ ಪೀಠದಲ್ಲಿ ಕೂತ ಜಯದೇವಿತಾಯಿ ಲಿಗಾಡೆ ಈ ಊರಿನವರು. ಫಲಕಗಳೆಲ್ಲ ಮರಾಠಿಯಲ್ಲಿದ್ದರೂ ಪೇಟೆಯಲ್ಲಿ ಮರಾಠಿ, ಕನ್ನಡ, ತೆಲುಗು, ದಖನಿ ಉರ್ದು ನಾಲ್ಕೂ ಓಡಾಡುತ್ತವೆ. ‘ಅಣ್ಣಾರ, ಗುಡಿಗೆ ಎಷ್ಟ್ ತಗೋತೀರಿ?’ ಎಂದು ಕನ್ನಡದಲ್ಲಿಯೇ ಕೇಳಿ. ಆಟೊದವರು ಕನ್ನಡದಲ್ಲೇ ಉತ್ತರಿಸಿದರೆ ಅಚ್ಚರಿಪಡಬೇಡಿ.

ಮೊದಲು ಪಂಚಾಂಗ ನೋಡಿ

ಇಲ್ಲಿ ಖರ್ಚನ್ನು ತೀರ್ಮಾನಿಸುವುದು ನೀವು ಆರಿಸುವ ಹೋಟೆಲಲ್ಲ, ನೀವು ಆರಿಸುವ ದಿನ. ಯಾತ್ರೆಯ ಊರಿಗೆ ಅದರದೇ ವಾರದ ಲೆಕ್ಕವಿದೆ. ಅಕ್ಕಲಕೋಟಕ್ಕೆ ಗುರುವಾರ ಜನ ಹೆಚ್ಚು, ತುಳಜಾಪುರಕ್ಕೆ ಮಂಗಳವಾರ, ಸಿದ್ಧೇಶ್ವರ ಗುಡಿಗೆ ಸೋಮವಾರ. ಭಾನುವಾರ ಎಲ್ಲ ಕಡೆಯೂ. ಇದರ ಮೇಲೆ ಹುಣ್ಣಿಮೆ, ದತ್ತ ಜಯಂತಿ, ಗುರುಪೂರ್ಣಿಮೆ, ಸ್ವಾಮಿ ಸಮರ್ಥರ ಪ್ರಕಟ ದಿನ ಮತ್ತು ಪುಣ್ಯತಿಥಿ. ಆಷಾಢ ಮತ್ತು ಕಾರ್ತಿಕ ಏಕಾದಶಿಯ ಹಿಂದೆಮುಂದೆ ಈ ಭಾಗದ ಬಸ್ಸುಗಳೆಲ್ಲ ಪಂಢರಪುರದ ಕಡೆ ಮುಖ ಮಾಡಿರುತ್ತವೆ. ಆ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ, ಸಿಕ್ಕರೆ ದುಬಾರಿ, ದರ್ಶನದ ಸಾಲಿನಲ್ಲಿ ಮಕ್ಕಳ ಅರ್ಧ ದಿನ ಕಳೆದುಹೋಗುತ್ತದೆ.

ಶಾಲೆಗೆ ರಜೆ ಇರುವ ಶುಕ್ರವಾರ, ಶನಿವಾರ ಸಿಕ್ಕರೆ ಬಹಳ ಒಳ್ಳೆಯದು. ಭಾನುವಾರ ತಪ್ಪಿಸಲು ಆಗದಿದ್ದರೆ ಶನಿವಾರ ಅಕ್ಕಲಕೋಟ ಮುಗಿಸಿ, ಭಾನುವಾರ ಸೊಲ್ಲಾಪುರ ಇಟ್ಟುಕೊಳ್ಳಿ. ನಗರದಲ್ಲಿ ಜನಜಂಗುಳಿ ಹಂಚಿಹೋಗುತ್ತದೆ, ಯಾತ್ರಾಸ್ಥಳದಲ್ಲಿ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತದೆ.

ತಿಂಗಳು ಆರಿಸುವುದಾದರೆ ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಆಗ ಎ.ಸಿ. ಕೋಣೆ, ಎ.ಸಿ. ಗಾಡಿ ಎಂದು ಖರ್ಚು ತಾನಾಗಿಯೇ ಬೆಳೆಯುತ್ತದೆ. ಚಳಿಗಾಲದಲ್ಲಿ ಫ್ಯಾನ್ ಕೋಣೆ ಸಾಕು, ನಡೆದಾಡಲು ಹಿತ, ಹೊಲದಲ್ಲಿ ಎಳೆ ಜೋಳದ ಸೀತನಿಯೂ ಸಿಕ್ಕೀತು.

ಜನಸಂದಣಿಯ ದಿನ ತಪ್ಪಿಸಬೇಕೆಂಬ ಮಾತಿಗೆ ಒಂದೇ ಅಪವಾದ ಸಂಕ್ರಾಂತಿಯ ಗಡ್ಡಾ ಜಾತ್ರೆ. ಜನಸಂದಣಿ ಅತಿ ಹೆಚ್ಚಿರುವುದು ಆಗಲೇ, ಆದರೆ ಊರನ್ನು ನೋಡಬೇಕಾದದ್ದೂ ಆಗಲೇ. ಸಿದ್ಧರಾಮನನ್ನು ಮದುವೆಯಾಗಬೇಕೆಂದು ಕುಂಬಾರರ ಕನ್ಯೆ ಬಯಸಿದಳಂತೆ. ಯೋಗಿಯಾದ ಆತ ಒಪ್ಪದೆ ತನ್ನ ಯೋಗದಂಡದೊಡನೆ ಆಕೆಯ ಮದುವೆ ಮಾಡಿಸಿದನೆಂಬುದು ಐತಿಹ್ಯ. ಆ ಮದುವೆಯೇ ವರ್ಷವರ್ಷವೂ ಜಾತ್ರೆಯಾಗಿ ನಡೆಯುತ್ತದೆ. ಬಿಳಿ ಬಾರಾಬಂದಿ ತೊಟ್ಟವರು ಎತ್ತರದ ನಂದಿಧ್ವಜಗಳನ್ನು ಹೊತ್ತು, ಊರ ಸುತ್ತ ಸಿದ್ಧರಾಮ ಸ್ಥಾಪಿಸಿದನೆನ್ನುವ 68 ಲಿಂಗಗಳಿಗೆ ಹೋಗಿ ಎಣ್ಣೆ ಮಜ್ಜನ ಮಾಡಿಸುತ್ತಾರೆ. ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ, ಅದರ ಮರುದಿನ ಹೋಮ, ಆಮೇಲೆ ಮದ್ದು ಸುಡುವ ಸಂಭ್ರಮ. ಜಾತ್ರೆಗೇ ಹೋಗುವವರು ತಿಂಗಳ ಮೊದಲೇ ಕೋಣೆ ಹಿಡಿಯಬೇಕು. ಮುಖ್ಯ ವಿಧಿಗಳು ಮುಗಿದ ಮೇಲೂ ಹೋಮ್ ಮೈದಾನದಲ್ಲಿ ತೊಟ್ಟಿಲು, ಆಟ, ತಿನಿಸಿನ ಅಂಗಡಿಗಳು ಕೆಲವು ದಿನ ಇರುತ್ತವೆ. ಚಿಕ್ಕ ಮಕ್ಕಳಿದ್ದವರಿಗೆ ಆ ವಾರ ಹೆಚ್ಚು ಸರಿಹೊಂದುತ್ತದೆ.

ಹೋಗುವ ದಾರಿ

ಬೆಂಗಳೂರಿನಿಂದ ಕಲಬುರಗಿ ಮಾರ್ಗದಲ್ಲಿ ಹೋಗುವ ಉದ್ಯಾನ್, ಹಾಸನ–ಸೊಲ್ಲಾಪುರದಂಥ ಗಾಡಿಗಳಿವೆ. ಹುಬ್ಬಳ್ಳಿ, ವಿಜಯಪುರದ ಕಡೆಯವರಿಗೆ ಮೈಸೂರು–ಪಂಢರಪುರ ಗೋಲಗುಂಬಜ್ ಇದೆ. ರಾತ್ರಿ ಪ್ರಯಾಣ ಮಾಡಿದರೆ ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯಿತು. ರೈಲಿನಲ್ಲಿ 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ. 5ರಿಂದ 12ರೊಳಗಿನವರಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ. ಇಬ್ಬರು ಸಣ್ಣ ಮಕ್ಕಳಿದ್ದ ಮನೆಗೆ ಈ ಆಯ್ಕೆಯೊಂದರಿಂದಲೇ ದೊಡ್ಡ ವ್ಯತ್ಯಾಸವಾಗುತ್ತದೆ.

ವಿಜಯಪುರ, ಕಲಬುರಗಿಗಳಿಂದ ಸೊಲ್ಲಾಪುರ ನೂರು ಕಿಲೋಮೀಟರಿನ ಆಸುಪಾಸು. ಬಸ್ಸೂ ಇದೆ, ರೈಲೂ ಇದೆ. ಕಲಬುರಗಿಯವರು ಆಳಂದ ಮಾರ್ಗವಾಗಿ ಬಸ್ಸಿನಲ್ಲಿ ಮೊದಲು ಅಕ್ಕಲಕೋಟಕ್ಕೆ ಹೋಗಿ, ಅಲ್ಲಿಂದ ಸೊಲ್ಲಾಪುರಕ್ಕೆ ಬಂದು, ರೈಲಿನಲ್ಲಿ ಮರಳಬಹುದು. ಒಂದೇ ದಾರಿಯನ್ನು ಎರಡು ಸಲ ತುಳಿಯುವುದು ತಪ್ಪುತ್ತದೆ. ನಮ್ಮ ಶಕ್ತಿ ಯೋಜನೆ ಅಂತರರಾಜ್ಯ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಆದರೆ ಮಹಾರಾಷ್ಟ್ರದ ಎಸ್‌.ಟಿ. ಬಸ್ಸುಗಳಲ್ಲಿ 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ಟಿಕೆಟ್ ಇದೆ. ಆಧಾರ್ ಕಾರ್ಡ್ ಕೈಯಲ್ಲಿಟ್ಟುಕೊಂಡು ಕಂಡಕ್ಟರರನ್ನು ಕೇಳಿ.

ಸೊಲ್ಲಾಪುರದಿಂದ ಅಕ್ಕಲಕೋಟ ಸುಮಾರು 40 ಕಿ.ಮೀ. ಎಸ್‌.ಟಿ. ಸ್ಟ್ಯಾಂಡಿನಿಂದ ಮೇಲಿಂದ ಮೇಲೆ ಬಸ್ಸು, ತಾಸೊಂದರ ದಾರಿ. ರೈಲು ನಕ್ಷೆಯಲ್ಲಿ ‘ಅಕ್ಕಲಕೋಟ ರೋಡ್’ ಎಂಬ ನಿಲ್ದಾಣ ಕಂಡು ಆಸೆಪಡಬೇಡಿ. ಅದು ಊರಿನಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ, ಅಲ್ಲಿಂದ ಮತ್ತೆ ಗಾಡಿ ಹಿಡಿಯಬೇಕು.

ಬಹಳಷ್ಟು ಮನೆಯವರ ಬಜೆಟ್ ಕೆಡುವುದು ಒಂದೇ ಕಡೆ. ಹೇಗೂ ಬಂದಿದ್ದೇವಲ್ಲ ಎಂದು ಕಾರು ಬಾಡಿಗೆಗೆ ಹಿಡಿದು ತುಳಜಾಪುರ, ಪಂಢರಪುರ, ಅಕ್ಕಲಕೋಟ, ಗಾಣಗಾಪುರ ನಾಲ್ಕನ್ನೂ ಎರಡು ದಿನದಲ್ಲಿ ಮುಗಿಸಹೊರಡುತ್ತಾರೆ. ಆಗ ಹಣದ ದೊಡ್ಡ ಪಾಲು ಡೀಸೆಲ್ಲಿಗೆ, ಹೊತ್ತಿನ ದೊಡ್ಡ ಪಾಲು ಕಿಟಕಿಗೆ. ಎರಡು ದಿನಕ್ಕೆ ಎರಡು ಊರು ಸಾಕು.

ಸೊಲ್ಲಾಪುರದ ದಿನ

ಊರಿನ ನೋಡತಕ್ಕ ಜಾಗಗಳು ಒತ್ತೊತ್ತಾಗಿವೆ. ಸಿದ್ಧೇಶ್ವರ ಗುಡಿ, ಅದರ ಕೆರೆ, ಭುಯಿಕೋಟ ಕಿಲ್ಲೆ, ಪಾರ್ಕ್ ಚೌಕ ನಡೆದಾಡುವ ದೂರದಲ್ಲಿವೆ. ರೈಲು ನಿಲ್ದಾಣದಿಂದ ಅಲ್ಲಿಗೆ ಒಂದು ಆಟೊ, ಅಲ್ಲಿಂದ ಸಂಜೆ ಕೋಣೆಗೆ ಇನ್ನೊಂದು. ಆದ್ದರಿಂದ ಕೋಣೆಯನ್ನು ನಿಲ್ದಾಣದ ಹತ್ತಿರವೋ ಪಾರ್ಕ್ ಚೌಕದ ಸುತ್ತವೋ ಹಿಡಿಯಿರಿ. ಊರ ಹೊರಗಿನ ಹೆದ್ದಾರಿ ಹೋಟೆಲಿನಲ್ಲಿ ಬಾಡಿಗೆ ಕಡಿಮೆಯೆಂದು ಕಂಡರೂ ಉಳಿದದ್ದು ಆಟೊಗೆ ಹೋಗುತ್ತದೆ.

ಬೆಳಿಗ್ಗೆ ಬಿಸಿಲೇರುವ ಮೊದಲು ಸಿದ್ಧೇಶ್ವರ ಗುಡಿ. ಕೆರೆಯ ನೀರಿನ ನಡುವೆ ಗುಡಿ, ಅಂಗಳದಲ್ಲಿ ಸಿದ್ಧರಾಮನ ಯೋಗಸಮಾಧಿ. ಈ ಕೆರೆಯನ್ನು ಆತನೇ ಜನರನ್ನು ಕೂಡಿಸಿಕೊಂಡು ಅಗೆಸಿದನೆಂಬ ನಂಬಿಕೆ. ಕೆರೆ ಕಟ್ಟೆ ಕಟ್ಟುವುದನ್ನೇ ಶಿವಯೋಗವೆಂದು ಬಗೆದವನ ಕಥೆಯನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಕೆರೆಯ ದಂಡೆಗೇ ಭುಯಿಕೋಟ ಕಿಲ್ಲೆ. ಬೆಟ್ಟದ ಮೇಲಲ್ಲ, ಸಪಾಟು ನೆಲದ ಮೇಲೆ ಕಟ್ಟಿದ್ದು. ಬಹಮನಿಗಳ ಕಾಲದ ಎರಡು ಸುತ್ತಿನ ಗೋಡೆ, ಸುತ್ತ ಕಂದಕ. ಅಹಮದನಗರದ ನಿಜಾಮಶಾಹಿಯೂ ವಿಜಯಪುರದ ಆದಿಲಶಾಹಿಯೂ ತಲೆಮಾರುಗಳ ಕಾಲ ಬಡಿದಾಡಿದ್ದು ಈ ಕೋಟೆಗಾಗಿ. ನಿಜಾಮಶಾಹಿಯ ಚಾಂದಬೀಬಿ ಆದಿಲಶಾಹಿಗೆ ಸೊಸೆಯಾಗಿ ಬಂದಾಗ ಬಳುವಳಿಯಾಗಿ ಬಂದದ್ದೂ ಇದೇ. ವಿಜಯಪುರದಲ್ಲಿ ಗೋಳಗುಮ್ಮಟ ನೋಡಿದ ಮಕ್ಕಳಿಗೆ ಆ ಕಥೆಯ ಇನ್ನರ್ಧ ಇಲ್ಲಿದೆ. ಉತ್ಖನನದಲ್ಲಿ ಹೊರಬಂದ ಹಳೆಯ ಗುಡಿಯೊಂದರ ಅವಶೇಷಗಳು ಒಳಗಿವೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತ, ದೊಡ್ಡವರಿಗೂ ಶುಲ್ಕ ಹೆಚ್ಚಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಊಟ, ನಿದ್ದೆ. ಅಥವಾ ಮಕ್ಕಳಿಗೆ ಕೇಗಾವದ ವಿಜ್ಞಾನ ಕೇಂದ್ರ. ಸಂಜೆ ಎರಡು ಜಾಗ ನೋಡಬೇಕು. ಮೊದಲನೆಯದು ಚಾರ್ ಹುತಾತ್ಮ ಚೌಕ. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿಗೆ ಊರು ಸಿಡಿದೆದ್ದು, ಬ್ರಿಟಿಷ್ ಆಡಳಿತ ಕೆಲದಿನ ಇಲ್ಲವೇ ಆಗಿ, ಕೊನೆಗೆ ಮಾರ್ಷಲ್ ಲಾ ಹೇರಲಾಯಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಈ ನಾಲ್ಕು ಹೆಸರುಗಳನ್ನು ಒಟ್ಟಿಗೆ ಓದಿದರೆ ಊರಿನ ಜನ ಯಾರು ಯಾರು ಎಂಬುದೂ ತಿಳಿಯುತ್ತದೆ. ಎರಡನೆಯದು ಡಾ. ದ್ವಾರಕಾನಾಥ ಕೋಟ್ನಿಸರ ಸ್ಮಾರಕ. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ, 1938ರಲ್ಲಿ ವೈದ್ಯತಂಡದೊಂದಿಗೆ ಚೀನಾಕ್ಕೆ ಹೋಗಿ, ಯುದ್ಧದ ಗಾಯಾಳುಗಳ ಸೇವೆ ಮಾಡುತ್ತಲೇ 1942ರಲ್ಲಿ ಅಲ್ಲೇ ತೀರಿಕೊಂಡವರು. ಅವರನ್ನು ಕುರಿತು ವಿ. ಶಾಂತಾರಾಮ್ 1946ರಲ್ಲಿ ಸಿನಿಮಾ ಮಾಡಿದರು. ಹೊರಡುವ ಮೊದಲು ಸ್ಮಾರಕ ತೆರೆದಿರುವ ಹೊತ್ತು ಕೇಳಿಕೊಳ್ಳಿ.

ಸ್ವಂತ ವಾಹನದಲ್ಲಿ ವಿಜಯಪುರದ ಕಡೆಯಿಂದ ಬರುವವರು ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಹತ್ತರಸಂಗ ಕುಡಲ ಬಿಡಬಾರದು. ಭೀಮಾ, ಸೀನಾ ನದಿಗಳು ಕೂಡುವಲ್ಲಿ ಚಾಲುಕ್ಯರ ಕಾಲದ ಗುಡಿಗಳಿವೆ. ಮೈತುಂಬ ಸಣ್ಣ ಮುಖಗಳನ್ನು ಕೆತ್ತಿದ ಅಪೂರ್ವ ಲಿಂಗವಿದೆ. ಕ್ರಿ.ಶ. 1018ರ, ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದೆಂದು ಎಣಿಸುವ ಬರಹವೂ ಇದೆ. ಬಸ್ಸಿನವರು ಇದರ ಗೋಜಿಗೆ ಹೋಗದಿರುವುದು ಒಳ್ಳೆಯದು.

ತಟ್ಟೆಯ ಮಾತು

ಹೊರಗೆ ಉಣ್ಣುವುದನ್ನೇ ಕಡಿಮೆ ಮಾಡಿ ಉಳಿಸಹೊರಟರೆ ಸೊಲ್ಲಾಪುರಕ್ಕೆ ಹೋದದ್ದೇ ವ್ಯರ್ಥ. ಇಲ್ಲಿ ಅಗ್ಗದ ಊಟವೇ ಊರಿನ ನಿಜವಾದ ಊಟ. ಎಲ್ಲ ಊರಲ್ಲೂ ಸಿಗುವ ಪನೀರ್, ನೂಡಲ್ಸ್ ಇರುವ ದೊಡ್ಡ ಮೆನು ಬಿಟ್ಟು ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಕಾಳು ಪಲ್ಯ, ಠೇಚಾ, ಮೊಸರು, ಪಕ್ಕದಲ್ಲಿ ಶೇಂಗಾ ಚಟ್ನಿ. ರೊಟ್ಟಿಯ ರುಚಿಗೆ ಕಾರಣ ಈ ಜಿಲ್ಲೆಯ ಹಿಂಗಾರಿ ಜೋಳ. ಕರಿಮಣ್ಣಿನ ತೇವದಲ್ಲೇ ಬೆಳೆಯುವ ಮಂಗಳವೇಢೆಯ ಮಾಲದಂಡಿ ಜೋಳಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಇದೆ. ಮಧ್ಯಾಹ್ನ ಒಂದರೊಳಗೆ ಹೋಗಿ. ಆಗ ರೊಟ್ಟಿ ಬಡಿಯುತ್ತಿರುತ್ತಾರೆ, ಪಲ್ಯ ಮುಗಿದಿರುವುದಿಲ್ಲ.

ಚಿಕ್ಕ ಮಕ್ಕಳಿಗೆ ಖಾರ ಆಗುವುದಿಲ್ಲ. ಕೂರುವ ಮೊದಲೇ ‘ತಿಖಟ್ ಕಮೀ’ ಎಂದು ಹೇಳಿ, ಮೊಸರು, ಬೆಲ್ಲ, ತುಪ್ಪ ಕೇಳಿ. ಎಷ್ಟು ರೊಟ್ಟಿಗೆ ಎಷ್ಟು ಹಣ, ಅನ್ನ ಒಳಗೊಂಡಿದೆಯೋ ಇಲ್ಲವೋ ಎಂಬುದನ್ನೂ ಆಗಲೇ ಕೇಳಿಕೊಳ್ಳಿ. ಮಾಂಸ ತಿನ್ನುವವರಿಗೆ ಸಾವಜಿ ಖಾನಾವಳಿಗಳಿವೆ. ಅಲ್ಲಿನ ಖಾರಕ್ಕೆ ದೊಡ್ಡವರೂ ಎಚ್ಚರಿಕೆಯಿಂದಿರಬೇಕು.

ಸಂಜೆಗೆ ಪಾರ್ಕ್ ಚೌಕದ ಗಾಡಿಗಳು. ಭೇಳ್, ಪಾವ್‌ಭಾಜಿ, ವಡಾಪಾವ್, ಕುಲ್ಫಿ. ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ರಾತ್ರಿ ಹೀಗೆ ಹಂಚಿಕೊಂಡು ತಿಂದರೆ ಮಕ್ಕಳಿಗೂ ಖುಷಿ, ಎರಡು ದೊಡ್ಡ ಊಟದ ಬಿಲ್ ಒಂದಕ್ಕೆ ಇಳಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಊರ ಸುತ್ತಿನ ಹೊಲಗಳಲ್ಲಿ ಹುರಡಾ ಪಾರ್ಟಿ ನಡೆಯುತ್ತದೆ. ನಮ್ಮಲ್ಲಿ ಸೀತನಿ ಎನ್ನುವ ಎಳೆ ಜೋಳವನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿ ಕೊಡುತ್ತಾರೆ. ತಲೆಗಿಷ್ಟು ಎಂದು ದರವಿರುತ್ತದೆ. ಇಡೀ ಪ್ರವಾಸದಲ್ಲಿ ಒಂದು ಕಡೆ ಕೈಬಿಚ್ಚುವುದಾದರೆ ಇಲ್ಲಿ ಬಿಚ್ಚಿ.

ಅಕ್ಕಲಕೋಟದ ದಿನ

ಬೆಳಿಗ್ಗೆಯ ಮೊದಲ ಬಸ್ಸುಗಳಲ್ಲಿ ಹೊರಟರೆ ಸಾಲು ಬೆಳೆಯುವ ಮೊದಲೇ ದರ್ಶನ. ಸ್ವಾಮಿ ಸಮರ್ಥರು 19ನೇ ಶತಮಾನದ ನಡುವಿನಲ್ಲಿ ಇಲ್ಲಿಗೆ ಬಂದು, ಎರಡು ದಶಕಕ್ಕೂ ಮಿಕ್ಕಿ ಇದ್ದು, 1878ರಲ್ಲಿ ಸಮಾಧಿಯಾದರು. ಅವರು ಕೂರುತ್ತಿದ್ದ ಆಲದ ಮರದ ಸುತ್ತಲೇ ವಟವೃಕ್ಷ ಮಂದಿರ. ಸಮಾಧಿ ಮಠ ಊರೊಳಗೇ, ನಡೆದು ಹೋಗುವ ದೂರದಲ್ಲಿ. ಎರಡನ್ನೂ ನೋಡಿದರೇ ದರ್ಶನ ಪೂರ್ತಿ.

ಮಧ್ಯಾಹ್ನ ಅನ್ನಛತ್ರ. 1988ರಲ್ಲಿ ಆರಂಭವಾದ ಸ್ವಾಮಿ ಸಮರ್ಥ ಅನ್ನಛತ್ರ ಮಂಡಳ ದಿನಕ್ಕೆ ಎರಡು ಹೊತ್ತು ಬಂದವರಿಗೆಲ್ಲ ಮಹಾಪ್ರಸಾದ ಬಡಿಸುತ್ತದೆ. ಹಣ ಕೇಳುವುದಿಲ್ಲ, ಜಾತಿ ಊರು ಕೇಳುವುದಿಲ್ಲ. ಆದರೆ ಇದನ್ನು ಪ್ರವಾಸದ ಲೆಕ್ಕದಲ್ಲಿ ‘ಉಳಿತಾಯ’ ಎಂದು ಬರೆಯಬಾರದು. ಊಟಕ್ಕೆಂದು ತೆಗೆದಿಟ್ಟದ್ದನ್ನು, ಅಥವಾ ಅದರ ಅರ್ಧವನ್ನಾದರೂ, ದೇಣಿಗೆಯ ಕೌಂಟರಿನಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ಬಡಿಸಿಕೊಂಡದ್ದನ್ನು ಚೆಲ್ಲಬೇಡಿ. ಮಕ್ಕಳಿಗೆ ಸ್ವಲ್ಪವೇ ಹಾಕಿಸಿ, ಮತ್ತೆ ಕೇಳಿದರೆ ಮತ್ತೆ ಬಡಿಸುತ್ತಾರೆ.

ದೇವಸ್ಥಾನದ ಭಕ್ತನಿವಾಸ, ಅನ್ನಛತ್ರದ ಯಾತ್ರಿನಿವಾಸಗಳಲ್ಲಿ ಕಡಿಮೆ ಬಾಡಿಗೆಗೆ ಕೋಣೆ ಸಿಗುತ್ತವೆ. ಮುದುಕರಿದ್ದರೆ ಎರಡನೇ ರಾತ್ರಿಯನ್ನು ಇಲ್ಲೇ ಕಳೆದು, ಬೆಳಗಿನ ದರ್ಶನ ಮುಗಿಸಿ ಹೊರಡುವುದು ಸುಖ. ಉಳಿದವರಿಗೆ ಸೊಲ್ಲಾಪುರದ ಒಂದೇ ಕೋಣೆ ಸಾಕು, ಗಂಟುಮೂಟೆ ಹೊತ್ತು ತಿರುಗುವ ಕಷ್ಟ ಇರುವುದಿಲ್ಲ.

ಗುಡಿ ಮುಗಿಸಿ ಹಾಗೇ ಬಸ್ ಹತ್ತುವವರು ಅರ್ಧ ಅಕ್ಕಲಕೋಟವನ್ನು ಬಿಟ್ಟುಬರುತ್ತಾರೆ. ಇದು 18ನೇ ಶತಮಾನದಿಂದ ಭೋಸಲೆ ಮನೆತನದ ಸಂಸ್ಥಾನದ ರಾಜಧಾನಿಯಾಗಿತ್ತು. ಅರಮನೆಯ ಶಸ್ತ್ರಾಗಾರದಲ್ಲಿ ಕತ್ತಿ, ಬಂದೂಕು, ಕವಚಗಳ ದೊಡ್ಡ ಸಂಗ್ರಹವಿದೆ. ಗುಡಿಯ ಸಾಲಿನಲ್ಲಿ ಬೇಸತ್ತ ಹುಡುಗರಿಗೆ ಇದೇ ಬಹುಮಾನ. ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಶಾಲೆಗಳಿವೆ. 1967ರ ಮಹಾಜನ ವರದಿ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ ಪ್ರದೇಶಗಳಲ್ಲಿ ಅಕ್ಕಲಕೋಟವೂ ಒಂದು. ಆ ವಾದ ಏನೇ ಇರಲಿ, ಹೂವಿನ ಬುಟ್ಟಿ ಹಿಡಿದು ಕೂತ ಅವ್ವಂದಿರು ಮರಾಠಿ, ಕನ್ನಡ ಎರಡರಲ್ಲೂ ಬೆಲೆ ಹೇಳುತ್ತಾರೆ.

ಚಾದರ, ಚಟ್ನಿ

ಪ್ರವಾಸದ ಲೆಕ್ಕ ತಪ್ಪುವ ಇನ್ನೊಂದು ಜಾಗ ಅಂಗಡಿ. ಇಲ್ಲಿ ಕೊಳ್ಳತಕ್ಕದ್ದು ಮೂರೇ. ಸೊಲ್ಲಾಪುರದ ಚಾದರ ಮತ್ತು ಟವೆಲ್ ಭೌಗೋಳಿಕ ಗುರುತು ಪಡೆದ ಸರಕು. ಜಕಾರ್ಡ್ ಮಗ್ಗದಲ್ಲಿ ನೇಯುವ ದಪ್ಪ ಹತ್ತಿಯ ಚಾದರ ಎರಡೂ ಮಗ್ಗುಲಲ್ಲಿ ವಿನ್ಯಾಸ ತೋರಿಸುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಸೊಲ್ಲಾಪುರಿ ಎಂಬ ಹೆಸರಿನಲ್ಲಿ ಹೊರಗಿನ ಅಗ್ಗದ ಮಾಲು ಇದೇ ಊರಿನಲ್ಲೂ ಮಾರಾಟವಾಗುತ್ತದೆ. ಕೈಯಲ್ಲಿ ಹಿಡಿದು ತೂಕ ನೋಡಿ, ಹತ್ತಿಯೇ ಎಂದು ಕೇಳಿ, ತಯಾರಕರ ಚೀಟಿ ಓದಿ, ಬಿಲ್ ಪಡೆಯಿರಿ. ನಿಲ್ದಾಣದ ಎದುರು ತುರ್ತಿನಲ್ಲಿ ಕೊಳ್ಳುವ ಬದಲು ನೇಕಾರರ ಪೂರ್ವ ಭಾಗದ ಮಾರಾಟ ಮಳಿಗೆಗಳಿಗೆ ಹೋದರೆ ಆಯ್ಕೆಯೂ ಹೆಚ್ಚು, ಬೆಲೆಯೂ ಸರಿ.

ಎರಡನೆಯದು ಶೇಂಗಾ ಚಟ್ನಿ. ಹುರಿದ ಶೇಂಗಾ, ಬ್ಯಾಡಗಿಯಂಥ ಒಣ ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟುವುದು. ಕುಟ್ಟಿದಾಗ ಶೇಂಗಾದ ಎಣ್ಣೆ ಬಿಟ್ಟುಕೊಂಡು ಚಟ್ನಿ ಮುದ್ದೆಗಟ್ಟುತ್ತದೆ, ಮಿಕ್ಸರಿನಲ್ಲಿ ಬರೀ ಪುಡಿಯಾಗುತ್ತದೆ. ಬೆರಳಿಗೆ ಎಣ್ಣೆ ಅಂಟುವಂಥದ್ದನ್ನು ಆರಿಸಿ. ಮೂರನೆಯದು ಖಡಕ್ ರೊಟ್ಟಿ. ವಾರಗಟ್ಟಲೆ ಕೆಡುವುದಿಲ್ಲ, ಮರಳುವ ದಾರಿಯ ಊಟವೂ ಅದೇ.

ಕೊನೆಗೆ ಲೆಕ್ಕ

ಹೊರಡುವ ಮೊದಲು ಹಣವನ್ನು ನಾಲ್ಕು ಪಾಲು ಮಾಡಿ. ಪ್ರಯಾಣ, ಕೋಣೆ, ಊಟ, ಖರೀದಿ. ಮೊದಲೆರಡನ್ನು ಮನೆಯಲ್ಲೇ ಮುಂಗಡವಾಗಿ ಕಟ್ಟಿಬಿಡಿ, ಆಮೇಲೆ ಅವು ಬೆಳೆಯಲಾರವು. ಊಟದ ಪಾಲನ್ನು ದಿನಕ್ಕಿಷ್ಟು ಎಂದು ಇಟ್ಟುಕೊಳ್ಳಿ. ಖರೀದಿಯ ಪಾಲನ್ನು ಕೊನೆಯ ಸಂಜೆಯವರೆಗೆ ಮುಟ್ಟಬೇಡಿ. ಆಟೊ ಹತ್ತುವ ಮೊದಲೇ ದರ ಮಾತಾಡಿ.

ಇಲ್ಲಿ ಬೆಟ್ಟದ ತಂಪಿಲ್ಲ, ಕಡಲಿಲ್ಲ, ಫೋಟೊಕ್ಕೆಂದೇ ಕಟ್ಟಿದ ಜಾಗಗಳಿಲ್ಲ. ಅವು ಬೇಕೆನ್ನುವವರಿಗೆ ಸೊಲ್ಲಾಪುರ ಹಿಡಿಸುವುದಿಲ್ಲ. ಕೆರೆಯೊಂದು, ಕೋಟೆಯೊಂದು, ನಾಲ್ಕು ಹುತಾತ್ಮರ ಕಥೆ, ಬಿಸಿ ರೊಟ್ಟಿ, ಸಾವಿರಾರು ಜನರೊಂದಿಗೆ ಕೂತು ಉಣ್ಣುವ ಒಂದು ಪಂಕ್ತಿ ಸಾಕೆನ್ನುವ ಮನೆಯವರು ಸಾಲ ಮಾಡದೆ ಹೋಗಿಬರಬಹುದು. ಪಂಚಾಂಗ ಮೊದಲು, ಟಿಕೆಟ್ ಆಮೇಲೆ, ಕೋಣೆ ಕೊನೆಗೆ. ಈ ಕ್ರಮ ತಪ್ಪದಿದ್ದರೆ ತಟ್ಟೆಯಲ್ಲಿ ಕಡಿಮೆ ಮಾಡುವ ಪ್ರಸಂಗ ಬರುವುದಿಲ್ಲ.